ಶುಕ್ರವಾರದ ನಿಜ್ವಾ ಪ್ಯಾಕೇಜಿಗೆ ಹಣ ಕಟ್ಟುವ ಮುನ್ನ

ಒಮಾನ್ ಪ್ರವಾಸಕ್ಕೆ ಹೊರಟ ಕುಟುಂಬಗಳಿಗೆ ನಿಜ್ವಾ ಸಂತೆ, ನಿಜ್ವಾ ಕೋಟೆ, ಬಹ್ಲಾ ಮತ್ತು ಜಬ್ರೀನ್ ಕೋಟೆಗಳು ಎಲ್ಲವನ್ನೂ ಒಂದೇ ಶುಕ್ರವಾರದಲ್ಲಿ ತೋರಿಸುತ್ತೇವೆಂದು ಮಾರುವ ಪ್ಯಾಕೇಜುಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸಬೇಕು. ಬೆಂಗಳೂರಿನ ಏಜೆಂಟರೊಬ್ಬರು ನಮ್ಮಿಂದ ಪೂರ್ತಿ ಹಣವನ್ನು ಮುಂಗಡವಾಗಿ ಪಡೆದು, ಮಸ್ಕತ್ತಿನಲ್ಲಿ ನಮ್ಮನ್ನು ಬೇರೊಬ್ಬರ ವಾಹನಕ್ಕೆ ಒಪ್ಪಿಸಿದರು. ವಯಸ್ಸಾದ ಅತ್ತೆ ಮಾವ ಮತ್ತು ಮಕ್ಕಳು ಜೊತೆಗಿದ್ದ ಆ ದಿನ ಬಹುಪಾಲು ಅಂಗಡಿಗಳ ಮುಂದೆಯೇ ಕಳೆದುಹೋಯಿತು.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ನಿಜ್ವಾದ ಹೆಸರಾಂತ ಆಡಿನ ಸಂತೆ ನಡೆಯುವುದು ಶುಕ್ರವಾರ ಬೆಳಗ್ಗೆ. ಮಾರುವವರು ಆಡುಗಳನ್ನು ಹಗ್ಗ ಹಿಡಿದು ವೃತ್ತಾಕಾರವಾಗಿ ಸುತ್ತಿಸುತ್ತಾ ಬೆಲೆ ಕೂಗಿದರೆ, ಕೊಳ್ಳುವವರು ನಡುವೆ ತಡೆದು ಮೈ ಮುಟ್ಟಿ, ಹಲ್ಲು ನೋಡಿ ಚೌಕಾಸಿಗೆ ಇಳಿಯುತ್ತಾರೆ. ಬಿಸಿಲೇರುವ ಹೊತ್ತಿಗೆ ಎಲ್ಲ ಮುಗಿದು ಜನ ಜುಮ್ಮಾ ನಮಾಜಿಗೆ ಅಣಿಯಾಗುತ್ತಾರೆ, ಕೋಟೆಯೂ ನಡುಹಗಲಿನಲ್ಲಿ ಮುಚ್ಚುತ್ತದೆ. ಮಸ್ಕತ್ತಿನಿಂದ ನಿಜ್ವಾಕ್ಕೆ ಸುಮಾರು 160 ಕಿಲೋಮೀಟರ್ ದೂರವಿರುವುದರಿಂದ ಬೆಳಕು ಹರಿಯುವ ಮೊದಲೇ ಹೊರಡದಿದ್ದರೆ ಸಂತೆ ಸಿಗುವುದಿಲ್ಲ. ಪ್ರತಿ ವಾರ ಇದೇ ದಾರಿಯಲ್ಲಿ ಗಾಡಿ ಓಡಿಸುವವರಿಗೆ ಇದು ತಿಳಿಯದ ಸಂಗತಿಯೇನಲ್ಲ.

ನಸುಕಿನಲ್ಲೇ ಬರುತ್ತೇನೆಂದು ಹಿಂದಿನ ರಾತ್ರಿ ಒಪ್ಪಿಕೊಂಡಿದ್ದ ಚಾಲಕ ಹೋಟೆಲಿಗೆ ಬಂದಾಗ ಎಂಟು ಗಂಟೆ ದಾಟಿತ್ತು. ದಾರಿಯಲ್ಲಿ ಮಾವನವರಿಗೆ ಚಹಾ ಕುಡಿಸುವ ನೆಪದಲ್ಲಿ ಒಂದು ದೊಡ್ಡ ಮಳಿಗೆಯ ಮುಂದೆ ಗಾಡಿ ನಿಲ್ಲಿಸಿ ಬಹಳ ಹೊತ್ತು ಕಾಯಿಸಿದ. ನಾವು ನಿಜ್ವಾ ತಲುಪುವಾಗ ಸಂತೆಯ ಕಟ್ಟೆಯ ಸುತ್ತ ಹಿಕ್ಕೆ, ಹುಲ್ಲು ಬಿಟ್ಟರೆ ಏನೂ ಉಳಿದಿರಲಿಲ್ಲ. ಕೋಟೆಯ ಬಾಗಿಲಲ್ಲಿ ಆಗಲೇ ಟಿಕೆಟು ನಿಲ್ಲಿಸಿದ್ದರು. ಮತ್ತೆ ತೆರೆಯುವವರೆಗೆ ಕಾಯೋಣವೆಂದರೆ ಚಾಲಕ ಒಪ್ಪದೆ, ಸಗಟು ದರದಲ್ಲಿ ಧೂಪ ಸಿಗುತ್ತದೆಂದು ಇನ್ನೊಂದು ಅಂಗಡಿಗೆ ಕರೆದೊಯ್ದ.

ಆ ಅಂಗಡಿಯ ವ್ಯಾಪಾರದ ರೀತಿಯನ್ನು ಬಿಡಿಸಿ ಹೇಳಲೇಬೇಕು. ದೋಫಾರ್ ಪ್ರಾಂತ್ಯದ ಮರಗಳಿಂದ ಬರುವ ಲುಬಾನ್ ಧೂಪದಲ್ಲಿ ತಿಳಿ ಹಸಿರು ಛಾಯೆಯ, ಬೆಳಕು ಹಾಯುವ ಹರಳುಗಳಿಗೆ ಬೆಲೆ ಹೆಚ್ಚು. ಅಂಗಡಿಯವನು ಅಂಥದೊಂದು ಹರಳನ್ನು ಕೆಂಡಕ್ಕೆ ಹಾಕಿ ಪರಿಮಳ ತೋರಿಸಿದ, ಆದರೆ ಅತ್ತೆಯವರ ಕೈಗೆ ಕೊಟ್ಟದ್ದು ಮೊದಲೇ ಅಂಟಿಸಿಟ್ಟ ಪೊಟ್ಟಣ. ಹೋಟೆಲಿಗೆ ಬಂದು ಬಿಚ್ಚಿದರೆ ಮೇಲಿನ ಒಂದು ಪದರದ ಕೆಳಗೆ ಕಂದು ಪುಡಿ, ತೊಗಟೆಯ ಚೂರು ತುಂಬಿತ್ತು. ಬೆಳ್ಳಿಯದೆಂದು ತೋರಿಸಿದ ಖಂಜರ್ ಎಂಬ ಬಾಗಿದ ಕಠಾರಿಗೆ ರಸೀದಿ ಕೇಳಿದಾಗ ಅದನ್ನು ಸುಮ್ಮನೆ ಕಪಾಟಿನಲ್ಲಿಟ್ಟುಬಿಟ್ಟ. ಒಂದು ರಿಯಾಲಿಗೆ 1000 ಬೈಸಾ ಆದ್ದರಿಂದ 4.500 ಎಂಬ ಚೀಟಿಯ ಅರ್ಥ ನಾಲ್ಕೂವರೆ ರಿಯಾಲ್. ಒಂದು ರಿಯಾಲಿಗೆ ನಮ್ಮ ಇನ್ನೂರಕ್ಕೂ ಹೆಚ್ಚು ರೂಪಾಯಿ ಬೇಕು ಎಂಬುದನ್ನು ಚೌಕಾಸಿಯ ಗಡಿಬಿಡಿಯಲ್ಲಿ ಹಿರಿಯರು ಮರೆಯುವುದು ಸಹಜ.

1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬಹ್ಲಾ ಕೋಟೆಯನ್ನು ರಸ್ತೆಯ ಬದಿಯಿಂದಲೇ ತೋರಿಸಿದರು, ಜಬ್ರೀನ್ ಅದೂ ಇಲ್ಲ. ಏಜೆಂಟರಿಗೆ ಫೋನ್ ಮಾಡಿದರೆ, ಕಾರ್ಯಕ್ರಮ ಪಟ್ಟಿಯಲ್ಲಿ ಆ ಎರಡೂ ಕಡೆ ಫೋಟೋ ಸ್ಟಾಪ್ ಎಂದಷ್ಟೇ ಇದೆ, ಒಳಗೆ ಕರೆದೊಯ್ಯುವ ಹೊಣೆ ತಮ್ಮದಲ್ಲ ಎಂದರು. ಆದರೆ ಹಣ ಕಟ್ಟುವ ಮುನ್ನ ನಮಗೆ ಕಳುಹಿಸಿದ ಜಾಹೀರಾತಿನಲ್ಲಿ ಕೋಟೆಗಳ ಒಳಾಂಗಣದ ಚಿತ್ರಗಳೇ ಇದ್ದವು. ಇದು ತಪ್ಪು ತಿಳಿವಳಿಕೆಯಲ್ಲ, ಬೇಕೆಂದೇ ಮಾಡಿದ ಮೋಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲವು ದಿನಗಳ ನಂತರ ಮಸ್ಕತ್ತಿನಲ್ಲಿ ಕೆಲಸ ಮಾಡುವ ಉಡುಪಿಯ ಬಂಧುವೊಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ದುದರಿಂದ ನಾವು ಕಳೆದುಕೊಂಡಿದ್ದೇನೆಂದು ತಿಳಿಯಿತು. ಹದಿನೇಳನೆಯ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ ನಿಜ್ವಾದ ಭಾರೀ ದುಂಡು ಬುರುಜಿನ ಮೆಟ್ಟಿಲುಗಳಲ್ಲಿ, ನುಗ್ಗಿ ಬರುವ ಶತ್ರುವಿನ ಮೇಲೆ ಕುದಿಯುವ ಖರ್ಜೂರದ ಪಾಕ ಸುರಿಯಲು ಬಾಗಿಲುಗಳ ಮೇಲೆ ಕಂಡಿಗಳಿವೆ. ಖರ್ಜೂರದ ಮೂಟೆಗಳನ್ನು ಪೇರಿಸಿಡುತ್ತಿದ್ದ ಕೋಣೆಯ ನೆಲದಲ್ಲಿ, ಭಾರಕ್ಕೆ ಒಸರುವ ಪಾಕ ಹರಿದು ಬರಲೆಂದು ಮಾಡಿದ ಕಾಲುವೆಗಳ ಮುಂದಿನಿಂದ ಮಕ್ಕಳು ಏಳಲೇ ಇಲ್ಲ. ಜಬ್ರೀನಿನ ಬಣ್ಣದ ಚಾವಣಿಗಳ ಕೆಳಗೆ ಅತ್ತೆಯವರು ಬಹಳ ಹೊತ್ತು ಕುಳಿತಿದ್ದರು.

ಆಡಿನ ಸಂತೆಯನ್ನು ನೋಡಲೇಬೇಕೆಂದಿದ್ದರೆ ಗುರುವಾರ ರಾತ್ರಿಯೇ ನಿಜ್ವಾದಲ್ಲಿ ತಂಗಿ. ಕೋಟೆಗಳಿಗೆ ಬೇರೆ ದಿನ ಇಟ್ಟುಕೊಂಡು ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿ. ಮಸ್ಕತ್ತಿನ ಮುತ್ರಾ ಸೂಕ್ ಎಂಬ ಮಾರುಕಟ್ಟೆ ಕೂಡ ಮಧ್ಯಾಹ್ನ ಬಾಗಿಲು ಹಾಕುವುದರಿಂದ ಅಲ್ಲಿಗೆ ಸಂಜೆ ಹೋಗುವುದು ಒಳ್ಳೆಯದು. ಅಲ್ಲಿ ಮಾರುವ ಶಾಲು, ಕೈಚೀಲಗಳಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಹೋದವು. ಪ್ಯಾಕೇಜು ಕೊಳ್ಳುವುದೇ ಆದರೆ ಹೊರಡುವ ಗಂಟೆ, ಪ್ರತಿ ಕೋಟೆಯ ಒಳಪ್ರವೇಶ, ಟಿಕೆಟಿನ ಖರ್ಚು ಯಾರದು, ಅಂಗಡಿಗಳಲ್ಲಿ ನಿಲ್ಲಿಸುವುದಿಲ್ಲ ಎಂಬ ಮಾತು, ಇಷ್ಟನ್ನೂ ಬರಹದಲ್ಲಿ ಪಡೆಯದೆ ಪೂರ್ತಿ ಹಣ ಕೊಡಬೇಡಿ.

ಈಗಾಗಲೇ ಮೋಸ ಹೋದವರು ಏಜೆಂಟರ ವಾಟ್ಸ್ಆ್ಯಪ್ ಸಂದೇಶ, ಜಾಹೀರಾತು, ಹಣ ಕಟ್ಟಿದ ದಾಖಲೆಗಳನ್ನು ಅಳಿಸದೆ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಲು ಅವಕಾಶವಿದೆ. ನಾವೂ ಹಾಗೆಯೇ ಕೊಟ್ಟಿದ್ದೇವೆ. ಹಣ ಇನ್ನೂ ಹಿಂದಿರುಗಿಲ್ಲ.