ಗ್ವಾಬಾವ್ ಮತ್ತು ಹುಜಿಯಾವ್‌ಬಿಂಗ್: ತೈಪೆಯ ಸಂಜೆ ತಿಂಡಿಗೆ ಯಾವುದು ವಾಸಿ?

ನನ್ನ ಓಟು ಗ್ವಾಬಾವ್‌ಗೆ. ಆದ್ರೆ ಪಾರ್ಸೆಲ್ ಕಟ್ಟಿಸೋದಾದ್ರೆ ಲೆಕ್ಕ ಬೇರೆ.

ಗ್ವಾಬಾವ್ ಅಂದ್ರೆ ಹಬೆಯಲ್ಲಿ ಬೇಯಿಸಿ ಮಡಚಿದ ಬಿಳಿ ಬನ್ನು. ಒಳಗೆ ಸೋಯಾ ಸಾಸಿನಲ್ಲಿ ನಿಧಾನಕ್ಕೆ ಬೆಂದ ಹಂದಿಮಾಂಸ, ಹುಳಿ ಬರಿಸಿದ ಸಾಸಿವೆ ಸೊಪ್ಪು, ಕೊತ್ತಂಬರಿ, ಸಕ್ಕರೆ ಬೆರೆಸಿದ ಶೇಂಗಾ ಪುಡಿ. ಮಾಂಸಕ್ಕೆ ಸಿಹಿ ಶೇಂಗಾನಾ ಅಂತ ನಮ್ಮ ಕಡೆಯವರು ಮುಖ ಕಿವುಚೋದು ಸಹಜ. ಆ ಹುಳಿ ಸೊಪ್ಪು ಬಾಯಿಗೆ ಸಿಕ್ಕಿದ ಮೇಲೆ ತಕರಾರು ಇರಲ್ಲ. ತೈಪೆಯ ಗೊಂಗ್‌ಗ್ವಾನ್ ಬಡಾವಣೆ ಕಡೆ ಕೊಬ್ಬಿಂದು ಬೇಕಾ, ಬರೀ ಮಾಂಸನಾ, ಅರ್ಧರ್ಧನಾ ಅಂತ ಕೇಳ್ತಾರೆ. ಅರ್ಧರ್ಧ ಅನ್ನಿ. ಬರೀ ಮಾಂಸದ್ದು ಒಣ ಒಣ, ಪುಡಿ ಬೇರೆ ಗಂಟಲಿಗೆ ಅಂಟುತ್ತೆ.

ಕಿರಿಕಿರಿ ಶುರುವಾಗೋದು ಚೀಲ ಕೈಗೆ ಬಂದಾಗ. ಬಿಸಿ ಬನ್ನನ್ನು ಪ್ಲಾಸ್ಟಿಕ್ಕಿಗೆ ಹಾಕಿ ಗಂಟು ಬಿಗಿದು ಕೊಡ್ತಾರೆ. ದಾರೀಲಿ ತಿನ್ನೋಣ ಅಂದ್ರೆ ಮೆಟ್ರೋದಲ್ಲಿ ಆಗಲ್ಲ. ಟಿಕೆಟ್ ಗೇಟು ದಾಟಿದ ಮೇಲೆ ನೀರು ಕುಡಿದ್ರೂ 1,500ರಿಂದ 7,500 ತೈವಾನ್ ಡಾಲರ್‌ವರೆಗೆ ದಂಡ.

ಅಷ್ಟು ಹೊತ್ತೂ ಒಳಗಿನ ಹಬೆ ನೀರಾಗಿ ಬನ್ನಿನ ಮೇಲೇ ಇಳೀತಿರುತ್ತೆ. ಮನೇಲಿ ಚೀಲ ಬಿಚ್ಚಿದ್ರೆ ಬನ್ನಿನ ಸಿಪ್ಪೆ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡು ಕಿತ್ತು ಬರುತ್ತೆ, ಶೇಂಗಾ ಪುಡಿ ಕೆಸರು, ಕೊತ್ತಂಬರಿ ಕಪ್ಪು. ಮತ್ತೆ ಹಬೆಗಿಟ್ಟರೆ ಸೊಪ್ಪು ಇನ್ನೂ ಸೊರಗುತ್ತೆ. ಗಂಟು ಹಾಕಬೇಡಿ ಅಂತ ಕೈಸನ್ನೆ ಮಾಡಿ ಹೇಳಿದ್ರೆ ಅಂಗಡಿಯ ಅಜ್ಜಿ ನಕ್ಕು ಎರಡು ಗಂಟು ಹಾಕಿದ್ರು.

ಹುಜಿಯಾವ್‌ಬಿಂಗ್‌ಗೆ, ಅಂದ್ರೆ ಮಾಂಸ ತುಂಬಿದ ಮೆಣಸಿನ ಬನ್ನಿಗೆ, ಈ ಕಾಟ ಇಲ್ಲ. ತಂದೂರಿನಂಥ ಒಲೆಯ ಗೋಡೆಗೆ ಅಂಟಿಸಿ ಸುಡ್ತಾರೆ. ಮೇಲೆ ಎಳ್ಳು, ಒಳಗೆ ಮೆಣಸು ಹಾಕಿದ ಹಂದಿಮಾಂಸ, ಈರುಳ್ಳಿ ಸೊಪ್ಪು. ಕಾಗದದ ಚೀಲದಲ್ಲಿ ಕೊಡೋದರಿಂದ ಗರಿಗರಿ ಉಳಿಯುತ್ತೆ, ಮೆತ್ತಗಾದ್ರೂ ಟೋಸ್ಟರ್ ಸರಿಮಾಡುತ್ತೆ. ಮೊದಲ ತುತ್ತಿಗೆ ಮಾತ್ರ ಹುಷಾರು, ಒಳಗಿನ ರಸ ನಾಲಿಗೆ ಸುಡುತ್ತೆ. ರಾವ್‌ಹೆ ರಾತ್ರಿ ಸಂತೆಯ ಬಾಗಿಲಲ್ಲೇ ಸಿಗುತ್ತೆ, ಕ್ಯೂ ಉದ್ದ.

ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಸಸ್ಯಾಹಾರಿಗಳಿಗೆ ಗ್ವಾಬಾವ್ ವಾಸಿ: ಸಸ್ಯಾಹಾರದ ಅಂಗಡಿಗಳಲ್ಲಿ ಮಾಂಸವಿಲ್ಲದ್ದೂ ಸಿಗುತ್ತೆ, ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿ ಕೂಡ ಇರಲ್ಲ.

ನಾನು ಆಫೀಸು ಮುಗಿಸಿ ಒಬ್ಬನೇ ತಿನ್ನೋನು, ಹತ್ತು ನಿಮಿಷ ನಿಲ್ಲೋಕೆ ಅಡ್ಡಿಯಿಲ್ಲ. ಹಾಗಾಗಿ ಗೊಂಗ್‌ಗ್ವಾನ್‌ನಲ್ಲಿ ಅರ್ಧರ್ಧ ಗ್ವಾಬಾವ್ ಒಂದು, ಅಲ್ಲೇ ನಿಂತು. ಮನೇಲಿ ಕಾಯೋರು ಇದ್ರೆ ಅಲ್ಲಿಂದ ಮೆಟ್ರೋದ ಹಸಿರು ಲೈನಿನಲ್ಲಿ ಕೊನೆಯ ಸ್ಟೇಷನ್ ಸೊಂಗ್‌ಶಾನ್‌ಗೆ ಹೋಗಿ ರಾವ್‌ಹೆ ಸಂತೆಯಲ್ಲಿ ಹುಜಿಯಾವ್‌ಬಿಂಗ್ ಕಟ್ಟಿಸಿಕೊಳ್ಳಿ.