ಒಂದೇ ತೋಟದ ಎರಡು ವರ್ಷ: ಲೆಯೊವಿಲ್ ಬಾರ್ಟನ್ 2009 ಮತ್ತು 2010

ಫ್ರಾನ್ಸಿನ ಬೋರ್ಡೋ ಸೀಮೆಯ ಕೆಂಪು ವೈನ್ ಇಷ್ಟಪಡುವವರು ಸೇರಿದ ಕಡೆ ಒಂದು ವಾದ ತಪ್ಪದೆ ಬರುತ್ತದೆ. 2009 ಮೇಲೋ, 2010 ಮೇಲೋ? ಎರಡೂ ದ್ರಾಕ್ಷಿ ಕೊಯ್ಲಿಗೆ ದೊಡ್ಡ ಹೆಸರು ಮಾಡಿದ ವರ್ಷಗಳು, ಒಂದರ ಹಿಂದೆ ಒಂದು ಬಂದವು. ನಾನಿರುವ ಟುಲೂಸ್‌ನಿಂದ ಬೋರ್ಡೋ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ದಾರಿ. ಆದರೂ ಒಂದೇ ಶಾತೋದ, ಅಂದರೆ ಒಂದೇ ವೈನ್ ತೋಟ-ಮನೆಯ, ಈ ಎರಡು ವರ್ಷಗಳನ್ನು ಒಟ್ಟಿಗೆ ಕುಡಿದು ನೋಡಲು ನನಗೆ ಬಹಳ ಕಾಲ ಸಾಧ್ಯವಾಗಿರಲಿಲ್ಲ. ಬಾಟಲಿಗೆ ನೂರು ಯೂರೋ ಹತ್ತಿರ ಕೊಟ್ಟಿದ್ದು, ಸುಮ್ನೆ ತೆರೆಯಲು ಮನಸ್ಸು ಬರುವುದಿಲ್ಲ. ಹೋದ ಚಳಿಗಾಲದಲ್ಲಿ ಅಕ್ಕ, ಭಾವ ಊರಿಂದ ಬಂದಾಗ ಎರಡನ್ನೂ ತೆರೆದೆ.

ನಾನು ಆರಿಸಿಕೊಂಡದ್ದು ಲೆಯೊವಿಲ್ ಬಾರ್ಟನ್. ಬೋರ್ಡೋದ ಮೆದೋಕ್ ಭಾಗದ ಸ್ಯಾಂ ಜುಲಿಯಾಂ ಊರಿನದು. ಥಾಮಸ್ ಬಾರ್ಟನ್ 1722ರಲ್ಲಿ ಐರ್ಲೆಂಡಿನಿಂದ ಬೋರ್ಡೋಗೆ ವ್ಯಾಪಾರಕ್ಕೆ ಬಂದರು. ಅವರ ಮೊಮ್ಮಗ ಹ್ಯೂ 1821ರಲ್ಲಿ ಲಾಂಗೋವಾ ಶಾತೋ ಕೊಂಡರು, 1826ರಲ್ಲಿ ದೊಡ್ಡ ಲೆಯೊವಿಲ್ ತೋಟದ ಒಂದು ಪಾಲನ್ನು ಕೊಂಡರು. ಅಂದಿನಿಂದ ಇಂದಿನವರೆಗೆ ಎರಡೂ ಅದೇ ಮನೆತನದ ಕೈಯಲ್ಲಿವೆ. ಲೆಯೊವಿಲ್ ಬಾರ್ಟನ್‌ಗೆ ತನ್ನದೇ ಆದ ಶಾತೋ ಕಟ್ಟಡ ಇಲ್ಲ. ಲೇಬಲ್ ಮೇಲಿರುವ ಚಿತ್ರ ಲಾಂಗೋವಾದ್ದು. 1855ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕಾಗಿ ಮೆದೋಕ್ ವೈನ್‌ಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ಲೆಯೊವಿಲ್ ಬಾರ್ಟನ್‌ಗೆ ಎರಡನೇ ದರ್ಜೆ ಸಿಕ್ಕಿತು, ಲಾಂಗೋವಾಗೆ ಮೂರನೆಯದು. ನಾನು ತೆರೆದ ಎರಡೂ ವರ್ಷಗಳು ಆಂಥನಿ ಬಾರ್ಟನ್ ಅವರ ಕಾಲದವು. 2022ರಲ್ಲಿ ತೀರಿಕೊಂಡ ಅವರಿಗೆ ಬೆಲೆಯನ್ನು ಹದ್ದುಮೀರಲು ಬಿಡದವರು ಎಂಬ ಹೆಸರಿತ್ತು. ಅದಕ್ಕೇ ನಮ್ಮಂಥವರು ಈ ಬಾಟಲಿಯ ಹತ್ತಿರ ಹೋಗಲು ಸಾಧ್ಯವಾಯಿತು.

ಇದನ್ನೇ ಆರಿಸಲು ಇನ್ನೊಂದು ಕಾರಣ ಇದೆ. ಇದರಲ್ಲಿ ಮುಕ್ಕಾಲು ಪಾಲು ಕ್ಯಾಬರ್ನೆ ಸೋವಿನ್ಯೋಂ ಎಂಬ ದ್ರಾಕ್ಷಿ, ಉಳಿದದ್ದು ಬಹುತೇಕ ಮೆರ್ಲೋ ಎಂಬ ಇನ್ನೊಂದು ತಳಿ. ಕ್ಯಾಬರ್ನೆ ದಪ್ಪ ಸಿಪ್ಪೆಯ ಸಣ್ಣ ಹಣ್ಣು. ಆ ವರ್ಷದ ಬಿಸಿಲು, ಮಳೆ, ರಾತ್ರಿಯ ತಂಪು ಎಲ್ಲವನ್ನೂ ಅದು ಮುಚ್ಚಿಡದೆ ಹೇಳುತ್ತದೆ.

2009ರಲ್ಲಿ ಬೇಸಿಗೆ ಬೆಚ್ಚಗಿತ್ತು, ಸೆಪ್ಟೆಂಬರ್‌ನಲ್ಲೂ ಬಿಸಿಲಿತ್ತು. ಹಣ್ಣು ಆರಾಮಾಗಿ ಪೂರ್ತಿ ಮಾಗಿತು. 2010 ಹಾಗಲ್ಲ. ಹೂ ಬಿಡುವಾಗ ಹವೆ ಕೈಕೊಟ್ಟು ಮೆರ್ಲೋ ಕಾಯಿ ಕಟ್ಟುವುದು ಕಡಿಮೆಯಾಯಿತು. ಆಮೇಲೆ ಬೇಸಿಗೆಯಲ್ಲಿ ಮಳೆ ಬಹಳ ಕಡಿಮೆ. ಹಣ್ಣು ಚಿಕ್ಕದಾಗೇ ಉಳಿದು ಸಿಪ್ಪೆ ದಪ್ಪವಾಯಿತು. ರಾತ್ರಿಗಳು ತಂಪಾಗಿದ್ದರಿಂದ ಹುಳಿ ಹಾಗೇ ಉಳಿಯಿತು. ಅಂದರೆ 2010ರ ಹಣ್ಣಿನಲ್ಲಿ ಸಿಹಿ, ಹುಳಿ, ಒಗರು ಮೂರೂ ಜಾಸ್ತಿ. ಓದಿದರೆ ಇಷ್ಟೇ. ಬಾಯಲ್ಲಿ ಏನಾಗುತ್ತದೆ ಎನ್ನುವುದು ಬೇರೆ ಮಾತು.

ಎರಡು ದಿನ ಮೊದಲೇ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿದ್ದೆ, ಗಷ್ಟು ತಳಕ್ಕೆ ಕೂರಲಿ ಅಂತ. ಸಂಜೆ ನಾಲ್ಕಕ್ಕೆ 2010 ತೆರೆದೆ. ಬಿರಡೆ ಗಟ್ಟಿಯಾಗಿತ್ತು, ತುದಿ ಮಾತ್ರ ನೇರಳೆ ಬಣ್ಣ. 2009ರ ಬಿರಡೆ ಅರ್ಧಕ್ಕೇ ಮುರಿಯಿತು. ಉಳಿದ ತುಂಡನ್ನು ಮೆಲ್ಲಗೆ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ತಿಳಿ ಬಸಿದೆ. ವಾಸನೆ ನೋಡುವವರೆಗೂ ನನಗೆ ಜೀವ ಇರಲಿಲ್ಲ. ಯಾಕೆಂದರೆ ಅದಕ್ಕೆ ಮುಂಚೆ ಒಂದು ಅಂಗಡಿಯಲ್ಲಿ ಕೊಂಡ 2009 ಪೂರ್ತಿ ಕೆಟ್ಟಿತ್ತು. ದೀಪದ ಕೆಳಗೆ ಶೋಕೇಸಿನಲ್ಲಿ ನಿಲ್ಲಿಸಿಟ್ಟಿದ್ದ ಬಾಟಲಿ ಅದು. ಬಿರಡೆ ಒಂದಿಷ್ಟು ಮೇಲೆದ್ದಿತ್ತು, ರುಚಿ ಕಾಯಿಸಿ ಹೊತ್ತಿಸಿದ ಬೆಲ್ಲದ ಪಾಕದಂತಿತ್ತು. ಅದನ್ನೇ 2009 ಅಂದುಕೊಂಡಿದ್ದರೆ ಎಂಥ ಅನ್ಯಾಯ ಆಗುತ್ತಿತ್ತು! ಹಳೆಯ ವೈನ್ ಕೊಳ್ಳುವವರು ಬಾಟಲಿಯ ಕುತ್ತಿಗೆಯಲ್ಲಿ ವೈನ್ ಎಲ್ಲಿವರೆಗೆ ಇದೆ, ಎಲ್ಲಿ ಇಟ್ಟಿದ್ದರು, ಇವೆರಡನ್ನು ನಾಚಿಕೆ ಬಿಟ್ಟು ಕೇಳಬೇಕು.

ಈ ಸಲ ವಾಸನೆ ಶುದ್ಧವಾಗಿತ್ತು. 2009 ಲೋಟಕ್ಕೆ ಬಿದ್ದ ಕೂಡಲೇ ಘಮ ಮೇಲೆದ್ದಿತು. ಚೆನ್ನಾಗಿ ಮಾಗಿದ ನೇರಳೆ ಹಣ್ಣು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ಲು, ಸ್ವಲ್ಪ ಹೊಗೆಸೊಪ್ಪು. ಬಾಯಲ್ಲಿ ಮೆತ್ತಗೆ ಅಗಲವಾಗಿ ಹರಡಿತು. ಅಂಚಿನಲ್ಲಿ ಬಣ್ಣ ಇಟ್ಟಿಗೆ ಕಡೆಗೆ ವಾಲುತ್ತಿತ್ತು. ಅಕ್ಕ ಒಂದು ಗುಟುಕು ಕುಡಿದು, "ಇದು ಸುಲಭ ಕಣೋ, ನನಗೂ ಹಿಡಿಸ್ತು" ಅಂದಳು. ಅದು ಸಣ್ಣ ಮಾತಲ್ಲ. ವೈನ್ ಅಭ್ಯಾಸ ಇಲ್ಲದವರನ್ನೂ ಮೊದಲ ಗುಟುಕಿಗೇ ಹತ್ತಿರ ಕರೆಯುವುದು ಈ ವರ್ಷದ ದೊಡ್ಡ ಗುಣ.

2010 ಮೂರು ಗಂಟೆ ಗಾಳಿ ಕುಡಿದಿತ್ತು. ಆದರೂ ಘಮ ಮುದುಡಿಕೊಂಡೇ ಇತ್ತು. ಬಣ್ಣ ಇನ್ನೂ ಕಡು, ಅಂಚಿನವರೆಗೂ ಕಪ್ಪುಗೆಂಪು. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ಹಣ್ಣು, ಕೊನೆಗೆ ಒಗರು. ನಾಲಿಗೆಯ ಎರಡೂ ಪಕ್ಕ, ವಸಡಿನ ಮೇಲೆಲ್ಲ ಬಿಗಿಯಿತು.

ಭಾವನಿಗೆ ಸಾಗರದ ಹತ್ತಿರ ಅಡಿಕೆ ತೋಟ ಇದೆ. "ಹೇಗಿದೆ ಹೇಳಿ ಭಾವ" ಅಂದೆ. ಸ್ವಲ್ಪ ಹೊತ್ತು ನಾಲಿಗೆ ಆಡಿಸಿ, "ಥೇಟ್ ಚೊಗರು ಮಾರಾಯ. ಆದ್ರೆ ಹಿಂದುಗಡೆ ಏನೋ ಒಳ್ಳೇದಿದೆ, ಇನ್ನೂ ಬಾಯಲ್ಲೇ ಉಂಟು" ಅಂದರು.

ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ವೈನ್ ಪುಸ್ತಕದಲ್ಲೂ ಓದಿಲ್ಲ. ಹಸಿ ಅಡಿಕೆ ಬೇಯಿಸಿದ ನೀರು ಕುದಿದು ಕುದಿದು ಚೊಗರಾಗುತ್ತದೆ, ಅದರಲ್ಲಿ ಇರುವುದು ಒಗರು ಕೊಡುವ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ವೈನಿಗೆ ಇಳಿಯುವುದೂ ಅದೇ ಬಳಗದ್ದು. ಎರಡೂ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತವೆ. ವರ್ಷಗಳು ಕಳೆದಂತೆ ವೈನಿನ ಟ್ಯಾನಿನ್ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಒಂದಷ್ಟು ಗಷ್ಟಾಗಿ ತಳ ಸೇರುತ್ತದೆ, ಒಗರು ಮೆತ್ತಗಾಗುತ್ತದೆ. ಭಾವ ಹೇಳಿದ "ಹಿಂದುಗಡೆ ಒಳ್ಳೇದು" ಇದ್ದರೆ ಮಾತ್ರ ಕಾಯುವುದಕ್ಕೆ ಅರ್ಥ. ಒಗರು ಕರಗುವ ಹೊತ್ತಿಗೆ ಹಣ್ಣೂ ಹೋಗಿದ್ದರೆ ಉಳಿಯುವುದು ಬರೀ ಹುಳಿನೀರು.

ಊಟಕ್ಕೆ ಕುರಿಮಾಂಸ ಮಾಡಿದ್ದೆ, ಭಾವನಿಗೆ ಬೆಣ್ಣೆ, ಕಾಳುಮೆಣಸು ಹಾಕಿ ಹುರಿದ ಅಣಬೆ. ಕುರಿಮಾಂಸದ ಜೊತೆ 2010 ಬೇರೆಯೇ ಆಯಿತು. ಟ್ಯಾನಿನ್‌ಗೆ ಹಿಡಿದುಕೊಳ್ಳಲು ಮಾಂಸದ ಪ್ರೋಟೀನ್ ಸಿಕ್ಕಿ ಬಾಯಿಯನ್ನು ಬಿಟ್ಟಿತು, ಕಪ್ಪು ಹಣ್ಣಿನ ರುಚಿ ಮುಂದೆ ಬಂತು. ಅಣಬೆಗೆ ಮಾತ್ರ 2009 ಮುದ್ದಾಗಿ ಹೊಂದಿತು. ಅಕ್ಕ ಮಾಡಿದ್ದ ಖಾರದ ಪಲ್ಯದ ಜೊತೆ ಎರಡೂ ಸೋತವು. ಖಾರ ಇದ್ದರೆ ಒಗರು, ಆಲ್ಕೋಹಾಲಿನ ಉರಿ ಎರಡೂ ಎದ್ದು ಕಾಣುತ್ತವೆ, ಇಂಥ ಬಾಟಲಿಯ ದಿನ ಮೆಣಸಿನಕಾಯಿ ದೂರ ಇರಲಿ.

ಆ ರಾತ್ರಿ ನಿಲ್ಲಿಸಿದ್ದರೆ ನಾನೂ 2009 ಅಂತಲೇ ಹೇಳುತ್ತಿದ್ದೆ. ಎರಡರಲ್ಲೂ ಕಾಲು ಬಾಟಲಿ ಉಳಿಸಿ, ಬಿರಡೆ ಹಾಕಿ ತಂಪಿನಲ್ಲಿಟ್ಟೆ. ಮಾರನೇ ದಿನ ಸಂಜೆ ನೋಡಿದರೆ 2009 ಇನ್ನೂ ಚೆನ್ನಾಗೇ ಇತ್ತು, ಆದರೆ ಹಣ್ಣು ಒಂದು ಹೆಜ್ಜೆ ಹಿಂದೆ ಸರಿದಿತ್ತು. 2010 ಅರಳಿತ್ತು. ಮೊದಲ ದಿನ ಅಡಗಿದ್ದ ಘಮ ಎಲ್ಲ ಹೊರಗೆ ಬಂದಿತ್ತು. ಕಪ್ಪು ಕರಂಟ್ ಹಣ್ಣು, ಒಣ ಗುಲಾಬಿ, ಮೊದಲ ಮಳೆ ಬಿದ್ದ ಕಲ್ಲು ನೆಲ. ಒಗರು ಇತ್ತು, ಆದರೆ ಈಗ ಅದು ರೇಷ್ಮೆ ಸೀರೆಯ ಗಟ್ಟಿ ಅಂಚಿನ ಹಾಗೆ, ಎಲ್ಲವನ್ನೂ ಹಿಡಿದು ನಿಲ್ಲಿಸಿತ್ತು. ನುಂಗಿದ ಮೇಲೆ ಮಾತಾಡದೆ ಕೂತೆ, ರುಚಿ ಹೋಗಲೇ ಇಲ್ಲ. ನನ್ನ ಮಟ್ಟಿಗೆ ತೀರ್ಮಾನ ಅಲ್ಲಿಗಾಯಿತು. 2010 ದೊಡ್ಡ ವೈನ್. ಈ ತೋಟಕ್ಕೆ ನಾನು ಬಯಸುವ ಬಿಗಿ, ನೇರ ಅದರಲ್ಲೇ ಇರುವುದು.

ಲಾಂಗೋವಾ ಬಾರ್ಟನ್ ಬಗ್ಗೆಯೂ ಕೇಳುತ್ತೀರಿ, ಅಲ್ವಾ? ಅದರ 2010 ಹಿಂದೆ ಒಮ್ಮೆ ಬೇರೆಯಾಗಿ ಕುಡಿದಿದ್ದೆ. ಬೆಲೆ ಕಡಿಮೆ, ಒಗರೂ ಕಡಿಮೆ, ರುಚಿ ಬೇಗ ಮುಗಿಯುತ್ತದೆ. ಕೊಟ್ಟ ಹಣಕ್ಕೆ ಮೋಸ ಇಲ್ಲ. ಪಕ್ಕದ ಲೆಯೊವಿಲ್ ಪುವಾಫೆರೆ ಇನ್ನೂ ತುಂಬಿದ, ಮೆದು ಶೈಲಿಯದು. ಅಲ್ಲಿ ಸಲಹೆಗಾರರಾಗಿದ್ದ ಮಿಶೆಲ್ ರೊಲಾಂ ನಮ್ಮ ನಂದಿ ಬೆಟ್ಟದ ಗ್ರೋವರ್ ವೈನಿಗೂ ಸಲಹೆ ಕೊಟ್ಟವರು.

ಈ ವಾರವೇ ಮನೆಗೆ ಜನ ಬರುವವರಿದ್ದರೆ 2009 ಕೊಳ್ಳಿ, ಒಂದು ಗಂಟೆ ಮೊದಲು ಬಸಿದರೆ ಸಾಕು. 2010 ಕೊಂಡರೆ ಇನ್ನೂ ಐದಾರು ವರ್ಷ ಮುಟ್ಟಬೇಡಿ. ತಡೆಯಲಾಗದಿದ್ದರೆ ಬೆಳಿಗ್ಗೆಯೇ ಬಸಿದು ರಾತ್ರಿ ಕುಡಿಯಿರಿ, ಒಂದು ಲೋಟ ಮಾರನೇ ದಿನಕ್ಕೆ ಎತ್ತಿಡಿ. ನನ್ನ ಹತ್ತಿರ ಇನ್ನೊಂದು 2010 ಇದೆ. ಭಾವ ಮತ್ತೆ ಬಂದಾಗ ತೆರೆಯೋಣ ಅಂತ ಮಾತಾಗಿದೆ, ಅವರೂ ಒಂದು ಸಣ್ಣ ಸೀಸೆಯಲ್ಲಿ ಚೊಗರು ತರುತ್ತಾರಂತೆ, ಪಕ್ಕದಲ್ಲಿಟ್ಟು ನೋಡಲು.