ಒಂದು ಅಡಿಕೆ ದರ, ಮೂರು ಸ್ಕ್ರಿಪ್ಟು

ಕಾಸರಗೋಡಿನ ಪೆರ್ಲದಲ್ಲಿ ನಮ್ಮದೊಂದು ಅಡಿಕೆ ಅಂಗಡಿ. ಲೆಕ್ಕಕ್ಕೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮೂರು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದುಕೊಂಡಿದ್ದೇನೆ. ಒಂದು ಬಿಲ್ ಮಾಡುತ್ತದೆ, ಒಂದು ಸ್ಟಾಕ್ ನೋಡುತ್ತದೆ, ಇನ್ನೊಂದು ದಿನದ ದರದ ಮೆಸೇಜ್ ತಯಾರಿಸುತ್ತದೆ. ಮೆಸೇಜ್ ಕನ್ನಡದಲ್ಲೊಂದು, ಮಲಯಾಳದಲ್ಲೊಂದು. ಮೂರಕ್ಕೂ ಬೇಕಾದ್ದು ಅವೇ ನಾಲ್ಕು ಬಗೆಯ ಅಡಿಕೆಯ ದರ: ಹೊಸತು, ಹಳತು, ಪಟೋರ, ಕರಿಗೋಟು. ಮೊದಲು ಮೂರು ಫೈಲಲ್ಲೂ ಬೇರೆ ಬೇರೆ ಬರೆದಿದ್ದೆ. ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುವುದು ದಿನಾ ಇದ್ದದ್ದೇ.

ಹಾಗಾಗಿ ‘ದರ’ ಅಂತ ಒಂದು ಫೈಲ್ ಮಾಡಿದೆ. ಪೈಥಾನ್ 3ರಲ್ಲಿ ವೇರಿಯೇಬಲ್‌ಗೆ, ಅಂದರೆ ಬೆಲೆ ಇಟ್ಟುಕೊಳ್ಳುವ ಡಬ್ಬಿಗೆ, ಕನ್ನಡದ ಹೆಸರನ್ನೇ ಇಡಬಹುದು, ಅದೊಂದು ಖುಷಿ. ಬಿಲ್ ಫೈಲಿನ ತಲೆಯಲ್ಲಿ ‘ಫ್ರಮ್ ದರ ಇಂಪೋರ್ಟ್ ಹೊಸತು’ (‘ದರ’ದಿಂದ ‘ಹೊಸತು’ ತೆಗೆದುಕೋ) ಅಂತ ಹಾಕಿದೆ. ಒಂದು ಮಧ್ಯಾಹ್ನ ಹೊಸತಿನ ದರ ಕಿಲೋಗೆ 480ರಿಂದ 485ಕ್ಕೆ ಏರಿತು. ಬಿಲ್ ಪ್ರೋಗ್ರಾಂನ ಮೆನುವಿನಲ್ಲಿ ಬದಲಿಸಿದೆ. ಮೆನು 485 ತೋರಿಸುತ್ತದೆ, ಬಿಲ್ ಮಾತ್ರ 480ಕ್ಕೇ ಬರುತ್ತಿದೆ! ಹೊರಗೆ ಜೀಪಿನಿಂದ ಗೋಣಿ ಇಳಿಯುತ್ತಿತ್ತು. ಆಮೇಲೆ ತಿಳಿಯಿತು. ‘ಫ್ರಮ್’ ಹಾಕಿದರೆ ಆ ಹೊತ್ತಿನ ಬೆಲೆ ಈ ಫೈಲಿನ ಸ್ವಂತ ಹೆಸರಿಗೆ ಅಂಟಿಕೊಳ್ಳುತ್ತದೆ. ‘ದರ’ದಲ್ಲಿ ಬದಲಾದದ್ದು ಇಲ್ಲಿಗೆ ಗೊತ್ತೇ ಆಗುವುದಿಲ್ಲ. ಬರೀ ‘ಇಂಪೋರ್ಟ್ ದರ’ ಹಾಕಿ, ಬೇಕಾದಾಗೆಲ್ಲ ‘ದರ.ಹೊಸತು’ ಅಂತ ಕೇಳಿದರೆ ಸರಿಯಾಯಿತು.

ಆದರೆ ಅದೂ ಒಂದೇ ಪ್ರೋಗ್ರಾಂ ಒಳಗೆ. ಮೆಸೇಜ್ ಸ್ಕ್ರಿಪ್ಟ್ ಬೇರೆಯಾಗಿ ಓಡುತ್ತದೆ, ಅದರ ಮೆಮೊರಿಯೇ ಬೇರೆ. ಅದಕ್ಕೆ ಫೈಲಿನಲ್ಲಿದ್ದ 480ರದ್ದೇ ಗತಿ. ಸರಿ, ಫೈಲನ್ನೇ ತಿದ್ದೋಣ ಅಂದರೆ, ಓಡುತ್ತಿರುವ ಬಿಲ್ ಅದನ್ನು ತಾನಾಗಿ ಮತ್ತೆ ಓದುವುದಿಲ್ಲ. ನಿಲ್ಲಿಸಿ ಶುರು ಮಾಡಬೇಕು.

ಆಮೇಲೆ ನೋಡಿದ್ದು ಎನ್ವಿರಾನ್ಮೆಂಟ್ ವೇರಿಯೇಬಲ್, ಅಂದರೆ ಪ್ರೋಗ್ರಾಂ ಹೊರಗೆ ಕಂಪ್ಯೂಟರಿನಲ್ಲೇ ಹೆಸರು ಕೊಟ್ಟು ಇಡುವ ಬೆಲೆ. ಅದು ನನ್ನ ಹತ್ತಿರ ಎರಡು ದಿನವೂ ಬಾಳಲಿಲ್ಲ. ಅದರಲ್ಲಿ ಇಟ್ಟದ್ದೆಲ್ಲ ಅಕ್ಷರವಾಗಿಯೇ ಬರುತ್ತದೆ, ಅಂಕಿಯಾಗಿ ಅಲ್ಲ. 3 ಕಿಲೋಗೆ ಗುಣಿಸಿದರೆ 480480480! ಮೂರು ಕಿಲೋ ಅಡಿಕೆಗೆ 48 ಕೋಟಿ, ಯಾರಿಗುಂಟು ಯಾರಿಗಿಲ್ಲ. ಅಂಕಿಗೆ ತಿರುಗಿಸಿಕೊಳ್ಳಬಹುದು, ಅದು ದೊಡ್ಡದಲ್ಲ. ಆದರೆ ಒಂದು ಕಮಾಂಡ್ ಕಿಟಕಿಯಲ್ಲಿ ಬದಲಿಸಿದರೆ ಮೊದಲೇ ತೆರೆದಿದ್ದ ಇನ್ನೊಂದಕ್ಕೆ ತಲುಪುವುದಿಲ್ಲ. ಪಾಸ್‌ವರ್ಡ್ ಇಡಲಿಕ್ಕೆ ಅಡ್ಡಿಯಿಲ್ಲ, ದರಕ್ಕೆ ಬೇಡ.

ಕೊನೆಗೆ ನಿಂತದ್ದು ಜೇಸನ್ ಫೈಲ್, ಅಂದರೆ ಹೆಸರು, ಬೆಲೆ ಜೋಡಿಯಾಗಿ ಬರೆದಿಡುವ ಸಾದಾ ಅಕ್ಷರದ ಫೈಲ್. ಪ್ರತಿ ಬಿಲ್‌ಗೂ ಮೊದಲು ಅದನ್ನು ಹೊಸದಾಗಿ ಓದಿಸುತ್ತೇನೆ. ನಾಲ್ಕು ಸಾಲು ಓದಲಿಕ್ಕೆ ಎಷ್ಟು ಹೊತ್ತು, ಅಲ್ವಾ? ನನ್ನ ವಿಂಡೋಸ್ ಪೈಥಾನ್‌ನಲ್ಲಿ ತೆರೆಯುವಾಗ ಯುಟಿಎಫ್-8 (ಕನ್ನಡವೂ ಸೇರಿ ಎಲ್ಲ ಲಿಪಿಗೂ ಆಗುವ ಅಕ್ಷರ ಸಂಕೇತ) ಅಂತ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಕನ್ನಡದ ಹೆಸರುಗಳೆಲ್ಲ ಕಲಸುಮೇಲೋಗರ. ದೊಡ್ಡ ಲಾಭವೆಂದರೆ ಕೋಡ್ ಗೊತ್ತಿಲ್ಲದ ಭಾವನೂ ನೋಟ್‌ಪ್ಯಾಡಿನಲ್ಲಿ ದರ ತಿದ್ದಬಹುದು. ಒಮ್ಮೆ ಕರಿಗೋಟಿನ ಕೊನೆಯ ಸಾಲು ಅಳಿಸಿ, ಪಟೋರದ ಮುಂದಿನ ಕಾಮಾ ಸುಮ್ನೆ ಬಿಟ್ಟುಬಿಟ್ಟ. ಜೇಸನ್‌ಗೆ ಅಷ್ಟು ಸಾಕು, ಓದಲಿಕ್ಕೇ ಒಪ್ಪಲಿಲ್ಲ. ಈಗ ಎರರ್ ಬಂದರೆ ‘ಕಾಮಾ ನೋಡು ಭಾವಾ’ ಅಂತ ಸ್ಕ್ರೀನಲ್ಲಿ ಬರುವ ಹಾಗೆ ಮಾಡಿದ್ದೇನೆ.

ಗೋಣಿಯ ತೂಕ, ಅಂಗಡಿಯ ಹೆಸರು ಇನ್ನೂ ಹಳೆಯ ‘ದರ’ ಫೈಲಿನಲ್ಲೇ ಇವೆ. ಅವು ಮಧ್ಯಾಹ್ನಕ್ಕೆ ಏರುವುದಿಲ್ಲವಲ್ಲ.